ಫೈಲ್ ಜೊತೆ ಹೋಗುವುದು, ಕಂಪ್ಯೂಟರ್‌ನಲ್ಲೇ ಉಳಿಯುವುದು

ಅಬ್ಬೆತುಮಕೂರಿನ ವಿಶ್ವಾರಾಧ್ಯರ ಜಾತ್ರೆ ಹತ್ತಿರ ಬಂತೆಂದರೆ ನಮ್ಮಂಥ ಡಿಟಿಪಿಯವರಿಗೆ ರಾತ್ರಿಯೂ ಕೆಲಸ. ಯಾದಗಿರಿಯಲ್ಲಿ ಮ್ಯಾಟರ್ ಟೈಪ್ ಆಗುತ್ತದೆ, ಶಹಾಪುರದ ಗೆಳೆಯರು ಡಿಸೈನ್ ಮಾಡುತ್ತಾರೆ, ಫ್ಲೆಕ್ಸ್ ಕಲಬುರಗಿಯಲ್ಲಿ ಪ್ರಿಂಟ್. ಒಂದೇ ಫೈಲ್ ಮೂರು ಕಂಪ್ಯೂಟರ್ ಸುತ್ತುತ್ತದೆ.

ಹಾಗೆ ಸುತ್ತಿ ಬಂದ ಒಂದು ಬ್ಯಾನರ್‌ನಲ್ಲಿ ಹೊಸದಾಗಿ ಸೇರಿಸಿದ ಸಾಲು ‘ಈಲ್ಲೆ’ ಎಂದು ಶುರುವಾಗಿತ್ತು. ಇರಬೇಕಾದದ್ದು ‘ಜಿಲ್ಲೆ’. “ಅಣ್ಣಾ, ನಾ ಸರಿನೇ ಹೊಡದೀನಿ ನೋಡ್ರಿ” ಅಂದ ಆ ಸಾಲು ಟೈಪ್ ಮಾಡಿದ ಹುಡುಗ. ಅವನ ಮಾತು ನಿಜವೇ ಆಗಿತ್ತು. ಕನ್ನಡದ ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಸಣ್ಣ ಎಫ್ ಇರುವಲ್ಲಿ ‘ಜಿ’, ದೊಡ್ಡ ಎಫ್ ಇರುವಲ್ಲಿ ‘ಈ’. ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುವ ಕೋರೆಲ್‌ಡ್ರಾದ ಕ್ವಿಕ್‌ಕರೆಕ್ಟ್ ಆ ಹುಡುಗನ ಕಂಪ್ಯೂಟರ್‌ನಲ್ಲಿ ಆನ್ ಇತ್ತು. ಇಂಗ್ಲಿಷ್‌ಗೆ ಉಪಕಾರ ಮಾಡುವ ಅದೇ ಸೆಟ್ಟಿಂಗ್ ‘ಜನ’ ಎಂದು ಹೊಡೆದರೆ ‘ಆನ’ ಮಾಡುತ್ತದೆ. ಅದು ಫೈಲ್‌ನದಲ್ಲ, ಕಂಪ್ಯೂಟರ್‌ನದು. ನಮ್ಮಲ್ಲಿ ಎಷ್ಟು ಸಲ ಆಫ್ ಮಾಡಿದರೂ ಅಲ್ಲಿ ಆಫ್ ಆಗದು.

ಇನ್‌ಡಿಸೈನ್‌ನ ರೀತಿ ಬೇರೆ. ಅಳತೆ ಇಂಚಿನಲ್ಲೋ ಮಿಲಿಮೀಟರ್‌ನಲ್ಲೋ ಎಂಬುದು ಅಲ್ಲಿ ಫೈಲ್ ಜೊತೆಗೇ ಬರುತ್ತದೆ. ಬೇರೆಯವರ ಫೈಲ್ ತೆರೆದ ಕೂಡಲೇ ರೂಲರ್ ಪೈಕಾ ಅಳತೆ ತೋರಿಸಿದರೆ ನಮ್ಮ ಸಾಫ್ಟ್‌ವೇರ್ ಕೆಟ್ಟಿಲ್ಲ, ಆ ಫೈಲ್ ಹಾಗಿದೆ ಅಷ್ಟೇ. ಆದರೆ ಯಾವ ಫೈಲೂ ತೆರೆಯದೆ ಪ್ರೆಫರೆನ್ಸಸ್ ಬದಲಿಸಿದರೆ ಮುಂದೆ ಮಾಡುವ ಹೊಸ ಫೈಲ್‌ಗಳಿಗೆಲ್ಲ ಅದೇ ಅಂಟಿಕೊಳ್ಳುತ್ತದೆ. ‘ತಂತಾನೇ ಬದಲಾಯ್ತು’ ಎಂಬ ದೂರುಗಳಲ್ಲಿ ಬಹಳಷ್ಟು ಇಲ್ಲಿಂದಲೇ ಹುಟ್ಟುತ್ತವೆ ಎಂದು ನನಗನಿಸುತ್ತದೆ. ಯೂನಿಕೋಡ್ ಕನ್ನಡದಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬಿದ್ದರೆ ನೋಡಬೇಕಾದದ್ದು ಸಾಲಿನಲ್ಲಿ ಅಕ್ಷರ ಜೋಡಿಸುವ ಕಂಪೋಸರ್ ಎಂಬ ಸೆಟ್ಟಿಂಗ್. ವರ್ಲ್ಡ್-ರೆಡಿ ಕಂಪೋಸರ್ ಅನ್ನು ಪ್ಯಾರಾಗ್ರಾಫ್ ಸ್ಟೈಲ್ ಒಳಗೇ ಇಟ್ಟರೆ ಅದು ಫೈಲ್ ಜೊತೆ ಊರೂರು ತಿರುಗುತ್ತದೆ. ಈ ಒಂದು ಅಭ್ಯಾಸ ನಮಗೆ ಉಳಿಸಿದ ಹೊತ್ತು ಸಣ್ಣದಲ್ಲ.

ಫಾಂಟ್ ಇಲ್ಲದ ಕಡೆ ಫೈಲ್ ತೆರೆದಾಗ ಕೋರೆಲ್ ಕೇಳುವ ಪ್ರಶ್ನೆಯನ್ನೂ ಅವಸರದಲ್ಲಿ ದಾಟಬಾರದು. ಬದಲಿ ಫಾಂಟ್ ತಾತ್ಕಾಲಿಕವೋ ಕಾಯಮೋ ಎಂದು ಅದು ಕೇಳುತ್ತದೆ. ಕಾಯಂ ಒತ್ತಿ ಸೇವ್ ಮಾಡಿದರೆ ನುಡಿ ಫಾಂಟ್ ಇರುವ ಕಂಪ್ಯೂಟರ್‌ಗೆ ಮರಳಿದರೂ ಅಕ್ಷರಗಳು ತಾವಾಗಿ ಮರಳುವುದಿಲ್ಲ.

ದಾಸೋಹಕ್ಕೆ ಜೋಳ, ಅಕ್ಕಿ ಕೊಟ್ಟವರ ಹೆಸರುಗಳು ಇಂಥ ಬ್ಯಾನರ್ ಮೇಲಿರುತ್ತವೆ. ತಮ್ಮ ಹೆಸರು ಹುಡುಕುತ್ತ ಮನೆಮಂದಿಯನ್ನೆಲ್ಲ ಕರೆತಂದು ನಿಲ್ಲುವವರಿದ್ದಾರೆ. ಅದರಲ್ಲಿ ಒಂದು ಅಕ್ಷರ ಕೆಟ್ಟರೂ ಸಂಕಟವಾಗುತ್ತದೆ. ಹಾಗಾಗಿ ಈಗ ನಮ್ಮಲ್ಲಿ ಪ್ರೆಸ್ಸಿಗೆ ಹೋಗುವುದು ಅಕ್ಷರಗಳನ್ನು ಕರ್ವ್ (ಬರೀ ಆಕಾರ) ಮಾಡಿದ ಪ್ರತಿ ಮತ್ತು ಪಿಡಿಎಫ್ ಮಾತ್ರ. ತಿದ್ದಲು ಬರುವ ಮೂಲ ಫೈಲ್ ಒಬ್ಬರ ಬಳಿಯೇ ಇರುತ್ತದೆ. ಕೊನೇ ಗಳಿಗೆಯಲ್ಲಿ ಹೆಸರು ಸೇರಿಸಬೇಕೆಂದರೆ ಕಲಬುರಗಿಯಲ್ಲಿ ಯಾರೂ ಟೈಪ್ ಮಾಡುವುದಿಲ್ಲ, ಯಾದಗಿರಿಗೆ ಫೋನ್ ಬರುತ್ತದೆ. ಪಟ್ಟಿ ಬರೆದುಕೊಟ್ಟವರನ್ನೇ ಕೂರಿಸಿಕೊಂಡು ಪ್ರೂಫ್ ಓದಿಸಿ, ಆಮೇಲೆ ಹೊಸ ಪಿಡಿಎಫ್ ಕಳಿಸುತ್ತೇವೆ.