ಕಾಫಿ ಗಿಡದ ತೊಗಟೆಯಡಿಯ ಶತ್ರು: ಬಿಳಿ ಕಾಂಡಕೊರಕ

ಅರೇಬಿಕಾ ತೋಟದಲ್ಲಿ ಗಿಡವೊಂದು ಹಳದಿಯಾಗಿ ಬಾಡತೊಡಗಿದರೆ ಗೊಬ್ಬರ ಸಾಲದಾಯಿತೆಂದು ತೀರ್ಮಾನಿಸುವ ಮೊದಲು ಅದರ ಕಾಂಡದ ಮೇಲೆ ಕೈಯಾಡಿಸಿ ನೋಡಿರಿ. ಉಬ್ಬಿದ ಗೆರೆಗಳು ಬೆರಳಿಗೆ ತಾಗಿದರೆ ಒಳಗಿರುವುದು ಬಿಳಿ ಕಾಂಡಕೊರಕ, ಬೆಳೆಗಾರರ ಮಾತಿನಲ್ಲಿ ಬೋರರ್. ರೊಬಸ್ಟಾಗೆ ಇದರ ಕಾಟ ಕಡಿಮೆ. ಪೀಡೆಯೇನೂ ಹೊಸದಲ್ಲ, ಡಾ. ಜಾರ್ಜ್ ಬಿಡಿ ಎಂಬವರು ಇದರ ಹಾವಳಿಯ ಬಗ್ಗೆ ಬರೆದ ವರದಿ ೧೮೬೯ರಲ್ಲೇ ಮದರಾಸಿನಲ್ಲಿ ಅಚ್ಚಾಗಿತ್ತು.

ದುಂಬಿಯ ಮೈ ಕಪ್ಪು, ರೆಕ್ಕೆಯ ಮೇಲೆ ಬಿಳಿ ಪಟ್ಟೆಗಳು. ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರ್ ಇದರ ಹಾರಾಟದ ಕಾಲ. ಬಿಸಿಲು ಇದಕ್ಕೆ ಬಹಳ ಇಷ್ಟ. ನೆರಳು ತೆಳುವಾದ ಕಡೆ ಹೆಣ್ಣು ದುಂಬಿಯು ಕಾಂಡದ ಮೇಲೆ ಓಡಾಡುತ್ತ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುತ್ತದೆ. ಸುಮಾರು ಹತ್ತು ದಿನಗಳಲ್ಲಿ ಹೊರಬರುವ ಮರಿಹುಳು ಮೊದಲ ಎರಡು ತಿಂಗಳು ತೊಗಟೆಯ ಅಡಿಯಲ್ಲೇ ಮೇಯುತ್ತದೆ. ಉಬ್ಬುಗೆರೆ ಮೂಡುವುದು ಆಗಲೇ. ಬಳಿಕ ಗಟ್ಟಿ ಮರದೊಳಗೆ ಇಳಿದು ಸುರಂಗ ಕೊರೆಯುತ್ತದೆ, ಕೆಲವೊಮ್ಮೆ ಬೇರಿನವರೆಗೂ. ಕೊರೆದ ದಾರಿಯನ್ನು ತನ್ನ ಹಿಕ್ಕೆಯಿಂದಲೇ ಬಿಗಿಯಾಗಿ ಮುಚ್ಚಿಕೊಳ್ಳುವುದರಿಂದ ಯಾವ ಔಷಧಿಯೂ ಅದನ್ನು ಮುಟ್ಟಲಾರದು. ಕೊನೆಗೆ ತೊಗಟೆಯ ಸಮೀಪ ಕೋಶವಾಗಿ, ದುಂಬಿಯಾಗಿ, ದುಂಡನೆಯ ರಂಧ್ರ ಮಾಡಿಕೊಂಡು ಹೊರಬರುತ್ತದೆ. ಎಳೆಯ ಗಿಡ ಒಂದು ವರ್ಷದಲ್ಲಿ ಸಾಯುತ್ತದೆ. ಹಳೆಯ ಗಿಡ ಕೆಲವು ವರ್ಷ ಜೊಳ್ಳು ಕಾಯಿ ಬಿಡುತ್ತ ನಿಂತಿರುತ್ತದೆ.

ಆದ್ದರಿಂದ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಅಂದರೆ ಹಾರಾಟಕ್ಕೆ ಮೊದಲು, ಒಂದೊಂದು ಗಿಡವನ್ನೂ ಪರೀಕ್ಷಿಸಬೇಕು. ಕಷ್ಟವಿರುವುದು ಸೆಪ್ಟೆಂಬರ್‌ನಲ್ಲಿ. ಗಿಡದ ತುಂಬ ಕಾಯಿ. ಕೊಯ್ಲಿಗೆ ಇನ್ನು ಎರಡು-ಮೂರು ತಿಂಗಳು. ಈ ಫಸಲು ಕೈಗೆ ಬರಲಿ, ಆಮೇಲೆ ಕೀಳೋಣ ಎನಿಸುವುದು ಸಹಜ. ಆದರೆ ಕೊಯ್ಲು ಮುಗಿಯುವಷ್ಟರಲ್ಲಿ ದುಂಬಿ ಹಾರಿ ಅಕ್ಕಪಕ್ಕದ ಗಿಡಗಳಲ್ಲಿ ಮೊಟ್ಟೆಯಿಟ್ಟಾಗಿರುತ್ತದೆ. ಆ ಒಂದು ಗಿಡದ ಫಸಲನ್ನು ಬಿಟ್ಟುಕೊಡುವುದೇ ಲೇಸು.

ಕಿತ್ತ ಗಿಡವನ್ನು ಕೂಡಲೇ ಸುಡಿರಿ. ಸೌದೆಗಾಗುತ್ತದೆಂದು ಲೈನ್ ಮನೆಗಳ ಹಿಂದೆ ಒಟ್ಟಿದರೆ ಆ ಒಟ್ಟಿಲಿನಿಂದಲೇ ದುಂಬಿಗಳು ಹೊರಟು ತೋಟಕ್ಕೆ ಮರಳುತ್ತವೆ. ಸೌದೆ ಬೇಕೇ ಬೇಕೆಂದಾದರೆ ಹತ್ತು ದಿನ ನೀರಿನಲ್ಲಿ ಮುಳುಗಿಸಿಟ್ಟು ನಂತರ ಒಣಗಿಸಿಕೊಳ್ಳಿ.

ಹಿಂದೆ ಕಾಂಡಕ್ಕೆ ಹೊಡೆಯುತ್ತಿದ್ದ ಲಿಂಡೇನ್ ಬಳಕೆ ೨೦೧೩ರಿಂದ ನಿಷಿದ್ಧ. ಹಾರಾಟಕ್ಕೆ ಮುಂಚೆ ಸಡಿಲ ತೊಗಟೆಯನ್ನು ತೆಂಗಿನ ನಾರಿನಿಂದ ಉಜ್ಜಿ ತೆಗೆದರೆ ಮೊಟ್ಟೆಯಿಡಲು ಬಿರುಕು ಸಿಗದು. ಕತ್ತಿಯಿಂದ ಕೆರೆಯಬೇಡಿ, ಒಳತೊಗಟೆಗೆ ಗಾಯವಾಗುತ್ತದೆ. ಬಳಿಕ ೨೦೦ ಲೀಟರ್ ನೀರಿಗೆ ೨೦ ಕಿಲೋ ಸುಣ್ಣ ಕಲಸಿ, ಸೋಸಿ, ಕಾಂಡಕ್ಕೂ ದಪ್ಪ ರೆಂಬೆಗಳಿಗೂ ಸಿಂಪಡಿಸಿರಿ. ಬಿಸಿಲು ಬೀಳುವ ತೆರಪುಗಳಲ್ಲಿ ನೆರಳಿನ ಗಿಡ ನೆಡುವುದನ್ನು ಮುಂದಿನ ಮಳೆಗಾಲಕ್ಕೇ ಮಾಡಿರಿ.