‘ಸರ್ವರ್ ಇಲ್ಲ’ ಎಂದಾಗ ಸದಸ್ಯರು ಕೇಳಬೇಕಾದುದು

ನಾಗಮಂಗಲ ತಾಲ್ಲೂಕಿನ ಹೊಣಕೆರೆ ಹೋಬಳಿಯೇ ಆಗಲಿ, ಬೇರೆಡೆಯೇ ಆಗಲಿ, ಗ್ರಾಮಠಾಣಾ ಆಸ್ತಿಯ ಮಾರಾಟ ನೋಂದಣಿಯಾಗಲು ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11ಎ ಬೇಕು. ಅದಕ್ಕಾಗಿ ದಿನದ ಕೂಲಿ ಬಿಟ್ಟು ಬಂದವರನ್ನು ‘ಸರ್ವರ್ ಇಲ್ಲ’ ಎಂದು ಹಿಂದಿರುಗಿಸುವುದುಂಟು. ಆದರೆ ಇಲಾಖೆಯ ಸರ್ವರ್ ಸುಸ್ಥಿತಿಯಲ್ಲಿದ್ದು, ಕಚೇರಿಯಲ್ಲಿರುವ ಹಳೆಯ ಸರ್ವರಿನ ಡಿಎನ್‌ಎಸ್ ವಿವರ ಮಾತ್ರ ತಪ್ಪಾಗಿರಲೂಬಹುದು.

ಗಣಕಯಂತ್ರಗಳು ಪರಸ್ಪರ ಗುರುತಿಸುವುದು ಅಂಕಿಗಳ ವಿಳಾಸದಿಂದ. ಜಾಲತಾಣದ ಹೆಸರಿಗೆ ತಕ್ಕ ಅಂಕಿಯನ್ನು ಹುಡುಕಿಕೊಡುವ ವ್ಯವಸ್ಥೆಯೇ ಡಿಎನ್‌ಎಸ್. 1983ರಲ್ಲಿ ಇದನ್ನು ರೂಪಿಸಿದವರು ಪಾಲ್ ಮೊಕಾಪೆಟ್ರಿಸ್. ಯಜಮಾನನ ಹೆಸರು ಹೇಳಿದರೆ ಕರವಸೂಲಿಗಾರರು ವಹಿ ನೋಡಿ ಖಾನೇಷುಮಾರಿ ಸಂಖ್ಯೆ ತಿಳಿಸುವಂತೆಯೇ ಇದು. ವಹಿ ಹಳೆಯದಾದರೆ ನೋಟೀಸು ಬೇರೆ ಮನೆಗೆ ಹೋಗುತ್ತದೆ. ಅಂತರ್ಜಾಲ ಸಂಪರ್ಕ ಬದಲಾದ ಮೇಲೂ ಹಿಂದಿನ ಸಂಪರ್ಕದ ಡಿಎನ್‌ಎಸ್ ವಿಳಾಸವೇ ಸರ್ವರಿನಲ್ಲಿ ಉಳಿಯುವುದು ಸಾಮಾನ್ಯವಾಗಿ ಕಂಡುಬರುವ ದೋಷ.

ಪರಿಶೀಲನೆಗೆ ಐದು ನಿಮಿಷ ಸಾಕು. ಆಪರೇಟರ್ ಮೊದಲು ‘ಪಿಂಗ್ 8.8.8.8’ ಆದೇಶ ನೀಡಲಿ. ಉತ್ತರ ಬಂದರೆ ಸಂಪರ್ಕವಿದೆ. ನಂತರ ‘ಎನ್‌ಎಸ್‌ಲುಕಪ್’ ಆದೇಶದೊಡನೆ ಜಾಲತಾಣದ ಹೆಸರು ಕೊಡಲಿ. ಉತ್ತರ ಬಾರದಿದ್ದರೆ ಅದೇ ಆದೇಶದ ಕೊನೆಗೆ 8.8.8.8 ಸೇರಿಸಿ ಮತ್ತೆ ಕೇಳಬೇಕು. ಈಗ ಉತ್ತರ ಬಂದರೆ ದೋಷವಿರುವುದು ಕಚೇರಿಯ ಸರ್ವರಿನಲ್ಲಿ ಅಥವಾ ಅದು ಅವಲಂಬಿಸಿರುವ ಡಿಎನ್‌ಎಸ್‌ನಲ್ಲಿ. ಆಗಲೂ ಬಾರದಿದ್ದರೆ ತಾಲ್ಲೂಕು ಪಂಚಾಯಿತಿಗೆ ವರದಿ ಮಾಡುವುದು ಸೂಕ್ತ.

ಇಲ್ಲಿ ಅವಸರದ ಪರಿಹಾರವೊಂದಿದೆ: ಎಲ್ಲ ಗಣಕಯಂತ್ರಗಳಿಗೂ 8.8.8.8 ನಮೂದಿಸಿಬಿಡುವುದು. ಹೊರಗಿನ ತಾಣಗಳು ತೆರೆಯುತ್ತವೆ, ನಿಜ. ಆದರೆ ಒಳಜಾಲದಲ್ಲಿ ಮಾತ್ರ ಇರುವ ಹೆಸರುಗಳು ಅದಕ್ಕೆ ತಿಳಿಯವು, ಕಚೇರಿಯ ಮುದ್ರಕವೂ ಸಿಗದೆ ಹೋಗಬಹುದು. ಅದನ್ನು ಎರಡನೆಯ ವಿಳಾಸವಾಗಿ ಇಟ್ಟರೂ ಪೂರ್ಣ ಭದ್ರತೆಯಿಲ್ಲ. ಮೊದಲನೆಯದು ಮೌನವಾಗಿದ್ದರೆ ಮಾತ್ರ ಯಂತ್ರ ಎರಡನೆಯದನ್ನು ಕೇಳುತ್ತದೆ. ‘ಅಂತಹ ಹೆಸರಿಲ್ಲ’ ಎಂದು ತಪ್ಪು ಉತ್ತರ ಬಂದರೆ ಅದನ್ನೇ ನಂಬುತ್ತದೆ. ತಿದ್ದಬೇಕಾದುದು ಸರ್ವರಿನಲ್ಲಿರುವ ಫಾರ್ವರ್ಡರ್ ವಿಳಾಸವನ್ನು. ತಿದ್ದಿದ ಬಳಿಕ ಸರ್ವರಿನಲ್ಲೂ ಗಣಕಯಂತ್ರಗಳಲ್ಲೂ ಸಂಗ್ರಹವಾಗಿರುವ ಹಳೆಯ ಉತ್ತರಗಳನ್ನು ಅಳಿಸಬೇಕು. ಇಲ್ಲವಾದರೆ ತಪ್ಪು ಕೆಲಕಾಲ ಮುಂದುವರಿಯುತ್ತದೆ.

ವಿಂಡೋಸ್ ಸರ್ವರ್ 2008ಕ್ಕೆ ಸಾಮಾನ್ಯ ಭದ್ರತಾ ಪರಿಷ್ಕರಣೆಗಳು 2020ರ ಜನವರಿ 14ಕ್ಕೇ ನಿಂತಿವೆ. ಅಂತಹ ಸರ್ವರ್ ಇನ್ನೂ ಬಳಕೆಯಲ್ಲಿದ್ದರೆ ಅದರ ಬದಲಾವಣೆಯನ್ನು ಕ್ರಿಯಾಯೋಜನೆಯ ಚರ್ಚೆಗೆ ತರಬಹುದು. ಅಲ್ಲಿಯವರೆಗೆ ಈಗಿನ ಡಿಎನ್‌ಎಸ್ ವಿಳಾಸಗಳನ್ನೂ ಬದಲಾಯಿಸಿದ ದಿನಾಂಕವನ್ನೂ ಒಂದು ವಹಿಯಲ್ಲಿ ಬರೆದಿಡುವಂತೆ ಸದಸ್ಯರು ಸಭೆಯಲ್ಲಿ ಸೂಚಿಸಬಹುದು.