ದನಗಳ ಹಲ್ಲುಗಳೂ ಮನುಷ್ಯನ ಹಲ್ಲುಗಳೂ

ಪ್ರಾಯಕ್ಕೆ ಬಂದ ಮನುಷ್ಯನಿಗೆ 32 ಹಲ್ಲುಗಳು, ಎತ್ತಿಗೂ 32. ಹಾಲುಹಲ್ಲುಗಳು ಉಭಯರಲ್ಲಿಯೂ 20. ಸಂಖ್ಯೆಯು ಹೀಗೆ ಒಂದೇ ಆಗಿದ್ದರೂ ಅವುಗಳ ಜೋಡಣೆಯು ಬೇರೆಯಾಗಿರುವುದು. ಮನುಷ್ಯನಿಗೆ ಮೇಲೆಯೂ ಕೆಳಗೆಯೂ ಬಾಚಿಹಲ್ಲುಗಳುಂಟು. ದನಗಳಿಗಾದರೋ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ. ಅಲ್ಲಿರುವುದು ಗಟ್ಟಿಯಾದ ವಸಡು ಮಾತ್ರ. ಮುಂದಿನ ಎಂಟು ಹಲ್ಲುಗಳೂ ಕೆಳದವಡೆಯಲ್ಲಿಯೇ ಇದ್ದು, ಮಿಕ್ಕ 24 ದವಡೆಹಲ್ಲುಗಳಾಗಿರುತ್ತವೆ. ಹಸುವು ಹುಲ್ಲನ್ನು ನಾಲಗೆಯಿಂದ ಸುತ್ತಿ ಎಳೆದು, ಕೆಳಗಿನ ಹಲ್ಲಿಗೂ ಮೇಲಿನ ವಸಡಿಗೂ ನಡುವೆ ಹಿಡಿದು ಕೀಳುವುದು. ಎರಡು ಕಡೆಯೂ ಬಾಚಿಹಲ್ಲುಳ್ಳ ಕುದುರೆಯಂತೆ ನೆಲಮಟ್ಟಕ್ಕೆ ಮೇಯಲು ಅದಕ್ಕೆ ಸಾಧ್ಯವಿಲ್ಲ.

ಮನುಷ್ಯನ ಹಲ್ಲು ಅಲುಗಾಡಿದರೆ ಅದು ರೋಗದ ಗುರುತು. ದನದ ಮುಂಬಲ್ಲುಗಳು ಸ್ವಲ್ಪ ಅಲುಗುವುದು ಸ್ವಭಾವವೇ ಆಗಿದೆ. ಇದನ್ನೇ ತೋರಿಸಿ, ರಾಸು ಮುದಿಯಾಯಿತೆಂದು ಬೆಲೆಯನ್ನಿಳಿಸುವ ದಲ್ಲಾಳಿಗಳು ಇಲ್ಲದಿಲ್ಲ.

ಮಕ್ಕಳ ಹಾಲುಹಲ್ಲುಗಳು ಸುಮಾರು 6ನೆಯ ವಯಸ್ಸಿನಿಂದ 12ರವರೆಗೆ ಬೀಳುತ್ತವೆ. ದನಗಳಲ್ಲಿ ನಡುವಿನ ಜೊತೆಯು ಮೊದಲು ಬಿದ್ದು, ಎರಡರಿಂದ ಎರಡೂವರೆ ವರ್ಷದೊಳಗೆ ಎರಡು ಹಲ್ಲಾಗುವುದು. ಸುಮಾರು ಮೂರಕ್ಕೆ ನಾಲ್ಕು ಹಲ್ಲು, ಮೂರೂವರೆಯಿಂದ ನಾಲ್ಕರೊಳಗೆ ಆರು ಹಲ್ಲು, ನಾಲ್ಕೂವರೆಯಿಂದ ಐದರೊಳಗೆ ಬಾಯಿಗೂಡುವುದು. ತಳಿಯನ್ನೂ ಮೇವನ್ನೂ ಅನುಸರಿಸಿ ಕೆಲವು ತಿಂಗಳು ಹಿಂದುಮುಂದಾಗಬಹುದು. ಎಳೆಗರುವಿಗೂ ಮುಂದೆ ಎಂಟು ಹಲ್ಲುಗಳಿರುವುದರಿಂದ ಬರಿಯ ಎಣಿಕೆಯು ಸಾಲದು. ಹಾಲುಹಲ್ಲು ಸಣ್ಣದು, ಬೆಳ್ಳಗಿರುವುದು. ಶಾಶ್ವತದ ಹಲ್ಲು ಅಗಲವಾಗಿ, ಕೊಂಚ ಹಳದಿಯಾಗಿರುವುದು.

ಬಾಯಿಗೂಡಿದ ಮೇಲೆ ನೋಡಬೇಕಾದದ್ದು ಸವೆತ. ಸುಮಾರು ಆರನೆಯ ವರ್ಷದಲ್ಲಿ ನಡುವಿನ ಜೊತೆಯು ಮಟ್ಟವಾಗತೊಡಗಿ, ಹತ್ತರ ವೇಳೆಗೆ ಎಂಟೂ ಮಟ್ಟವಾಗುತ್ತವೆ; ಅನಂತರ ಹಲ್ಲುಗಳು ಮೊಟಕಾಗಿ ನಡುವೆ ಸಂದು ಬೀಳುವುದು. ಮರಳು ಬೆರೆತ ಮೇವಿನಿಂದ ಈ ಸವೆತವು ಬೇಗನೆ ಆಗುವುದರಿಂದ, ಬಾಯಿಗೂಡಿದ ರಾಸಿನ ವಯಸ್ಸನ್ನು ಇಷ್ಟೇ ವರ್ಷವೆಂದು ಆಣೆಯಿಟ್ಟು ಹೇಳುವವನ ಮಾತನ್ನು ನಂಬತಕ್ಕದ್ದಲ್ಲ. ಜಾತ್ರೆಯಲ್ಲಿ ಕೊಂಡ ಎತ್ತಿನ ವಿಷಯವಾಗಿ ವ್ಯಾಜ್ಯವು ಯಜಮಾನರ ಮುಂದೆ ಬಂದಾಗ ಕೊಂಬಿಗಿಂತ ಬಾಯಿಯನ್ನೇ ನೋಡುವುದು ಮೇಲು. ಕೊಂಬಿನ ಉಂಗುರಗಳನ್ನು ಹೆರೆದು ಅಳಿಸಬಹುದು. ಬಿದ್ದ ಹಾಲುಹಲ್ಲನ್ನು ಪುನಃ ನೆಡಲು ಯಾರಿಂದಲೂ ಆಗದು.

ಎಲ್ಲ ರಾಸುಗಳ ಬಾಯಿಗೂ ಕೈ ಹಾಕಕೂಡದು. ಜೊಲ್ಲು ಸುರಿಸುತ್ತಾ, ನುಂಗಲಾರದೆ, ವಿಕಾರವಾಗಿ ಕೂಗುವ ದನದ ಗಂಟಲಿನಲ್ಲಿ ಏನೋ ಸಿಕ್ಕಿದೆಯೆಂದು ಬಗೆದು ಕೈಯಿಕ್ಕಿ ನೋಡುವ ವಾಡಿಕೆಯುಂಟು. ಅದು ಹುಚ್ಚುನಾಯಿ ಕಚ್ಚಿದ ದನವಾಗಿದ್ದರೆ, ಅದರ ಹಲ್ಲು ತಗುಲಿದ ಸಣ್ಣ ಗೀರಿನಿಂದಲೂ, ಮೊದಲೇ ಇದ್ದ ಗಾಯಕ್ಕೆ ಜೊಲ್ಲು ಸೋಕುವುದರಿಂದಲೂ ಆ ರೋಗವು ಮನುಷ್ಯನಿಗೆ ಹತ್ತುವುದು. ಲಕ್ಷಣಗಳು ತೋರಿದ ಮೇಲೆ ಬದುಕುವುದು ಅತಿ ವಿರಳ. ಅಂಥ ದನವನ್ನು ಪ್ರತ್ಯೇಕವಾಗಿ ಕಟ್ಟಿಸಿ ಪಶುವೈದ್ಯರಿಗೆ ಹೇಳಿಕಳುಹಿಸತಕ್ಕದ್ದು. ಯಾರಾದರೂ ಕೈಹಾಕಿಬಿಟ್ಟಿದ್ದಲ್ಲಿ, ಆ ಕೈಯನ್ನು ಸಾಬೂನಿನಿಂದಲೂ ಹರಿಯುವ ನೀರಿನಿಂದಲೂ 15 ನಿಮಿಷ ತೊಳೆಯಿಸಿ, ಅದೇ ದಿನ ಆಸ್ಪತ್ರೆಗೆ ಕಳುಹಿಸಿ ಚುಚ್ಚುಮದ್ದನ್ನು ಹಾಕಿಸತಕ್ಕದ್ದು.